ಗ್ರಹಪ್ರವೇಶ, ಡೊಂಬಿವಲಿ ಈಸ್ಟ್

ಅಕ್ಷರ ತಪ್ಪು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ಪಜೀತಿಗೆಲ್ಲ ಮೂಲ ಅದೇ. ಡೊಂಬಿವಲಿ, ಕಲ್ಯಾಣ್ ಕಡೆಯ ನಮ್ಮ ಕನ್ನಡದವರು ಯಾರೇ ಹೊಸ ಫ್ಲ್ಯಾಟ್ ತೆಗೆದುಕೊಂಡರೂ ನಮಗೆ ಆಮಂತ್ರಣ ಪತ್ರಿಕೆ ಬರುತ್ತಿತ್ತು. ಬಂದದ್ದರಲ್ಲಿ ಅರ್ಧಕ್ಕರ್ಧ ‘ಗೃಹಪ್ರವೇಶ’ದ ಬದಲು ‘ಗ್ರಹಪ್ರವೇಶ’ ಎಂದು ಅಚ್ಚಾಗಿರುತ್ತಿತ್ತು. ಗೃಹ ಎಂದರೆ ಮನೆ. ಗ್ರಹ ಎಂದರೆ ಶನಿ, ಮಂಗಳ, ಗುರು. ವಟ್ರಸುಳಿ ಹಾಕುವಲ್ಲಿ ಕ್ರಾವಡಿ ಹಾಕಿದರೆ ಮನೆ ಹೋಗಿ ಶನಿ ಬಂದು ಕೂರುತ್ತಾನೆ ಎಂಬ ಹೆದರಿಕೆಯಾದರೂ ಬೇಡವೇ ಈ ಜನಕ್ಕೆ? ಊಟಕ್ಕೆ ಹೋದಲ್ಲೆಲ್ಲ ಯಜಮಾನರನ್ನು ಹಿಡಿದು ಕೇಳುತ್ತಿದ್ದೆ, “ಯಾವ ಗ್ರಹಕ್ಕೆ ಪ್ರವೇಶ ಮಾರಾಯ್ರೆ? ಬಸ್ಸು ಉಂಟಾ ಅಲ್ಲಿಗೆ?”

ಅವರು ನಗುತ್ತಿದ್ದರು, ಇನ್ನೊಂದು ಸೌಟು ಪಾಯಸ ಬಡಿಸುತ್ತಿದ್ದರು. ನನ್ನ ಗಂಡ ಮಾತ್ರ ಪಕ್ಕದಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನ್ನ ಉರಿಯಲ್ಲಿ ವ್ಯಾಕರಣ ಸ್ವಲ್ಪ, ಹೊಟ್ಟೆಕಿಚ್ಚು ಜಾಸ್ತಿ ಎಂದು ಅವರಿಗೆ ಗೊತ್ತಿತ್ತು. ಹೌದು, ನನಗೆ ಸ್ವಂತ ಮನೆ ಬೇಕಿತ್ತು. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಮದುವೆಯಾಗಿ ಉಡುಪಿಯ ಕಡೆಯಿಂದ ಬಂದು ವಿಠ್ಠಲವಾಡಿಯ ಒಂದು ಕೋಣೆಯಲ್ಲಿ ಇಳಿದವಳು ನಾನು. ಇಲ್ಲಿ ಬಾಡಿಗೆಗೆ ಕೊಡುವವರು ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸುತ್ತಾರೆ. ಅದು ಮುಗಿದ ಮೇಲೆ ಮಾಲೀಕರ ಮನಸ್ಸು ಬಂದರೆ ಇನ್ನೊಮ್ಮೆ ಹನ್ನೊಂದು ತಿಂಗಳು, ಬಾರದಿದ್ದರೆ ಟೆಂಪೋ ಕರೆಸು, ಪಾತ್ರೆ ಕಟ್ಟು. ವಿಠ್ಠಲವಾಡಿ, ಕಲ್ಯಾಣ್, ಡೊಂಬಿವಲಿ ವೆಸ್ಟ್, ಮತ್ತೆ ಕಲ್ಯಾಣ್, ಕೊನೆಗೆ ಡೊಂಬಿವಲಿ ಈಸ್ಟ್. ನನ್ನ ಮಗಳು ನಡೆಯಲು ಕಲಿತದ್ದು ಒಂದು ಮನೆಯಲ್ಲಿ, ಮಾತು ಕಲಿತದ್ದು ಇನ್ನೊಂದರಲ್ಲಿ, ಅದೂ ಹಿಂದಿ. ಗಂಡ ಕಲ್ಯಾಣ್ ಸ್ಟೇಷನ್ ಹತ್ತಿರ ಬೇರೆಯವರ ಹೋಟೆಲಿನಲ್ಲಿ ಮ್ಯಾನೇಜರ್, ನಾನು ಠಾಣೆಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಇಬ್ಬರು ದುಡಿದರೂ ಮನೆ ಎಂಬುದು ಕೈಗೆ ಸಿಗದೆ ಮುಂದೆ ಮುಂದೆ ಓಡುತ್ತಲೇ ಇತ್ತು.

ಮನೆಯ ಹುಚ್ಚಿನಷ್ಟೇ ದೊಡ್ಡದು ನನ್ನ ಇನ್ನೊಂದು ಹುಚ್ಚು, ನಕ್ಷತ್ರದ್ದು. ಮಗಳು ಸಣ್ಣವಳಿದ್ದಾಗ ನಮ್ಮ ಕಡೆ ಗಂಟೆಗಟ್ಟಲೆ ಕರೆಂಟು ಹೋಗುತ್ತಿತ್ತು. ಇಡೀ ಕಟ್ಟಡ ವಿದ್ಯುತ್ತಿನವರಿಗೆ ಶಾಪ ಹಾಕುತ್ತಿದ್ದರೆ ನಾನು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಟೆರೇಸಿಗೆ ಓಡುತ್ತಿದ್ದೆ. ದೀಪವಿಲ್ಲದ ಡೊಂಬಿವಲಿಯ ಮೇಲೆ ಎಷ್ಟು ನಕ್ಷತ್ರ ಅಂತೀರಿ! ಅಲ್ಲೆಲ್ಲೋ ಒಂದು ದಿನ ಮನುಷ್ಯರು ಹೋಗಿ ಅಡುಗೆ ಮಾಡುತ್ತಾರೆ, ಬಟ್ಟೆ ಒಣಗಿಸುತ್ತಾರೆ, ಜಗಳವಾಡುತ್ತಾರೆ ಎಂದು ನೆನೆದರೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಲೈಬ್ರರಿಯಿಂದ ಪುಸ್ತಕ ತಂದು ಓದಿದೆ, ಆಮೇಲೆ ಮೊಬೈಲ್ ಬಂದ ಮೇಲೆ ಅದರಲ್ಲೂ ಓದಿದೆ. ಅರ್ಥವಾಗದ್ದನ್ನು ಎರಡು ಸಲ ಓದಿದೆ.

ಮಗಳು ಒಂಬತ್ತನೆಯ ಕ್ಲಾಸಿನಲ್ಲಿದ್ದ ವರ್ಷ ಒಂದು ಬೆಳಿಗ್ಗೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನನಗೆ ಒಂದು ಕಾಲು ಊರುವಷ್ಟೇ ಜಾಗ ಸಿಕ್ಕಿತ್ತು. ಮುಂಬ್ರಾದ ಗುಡ್ಡ ಕಾಣುವ ಹೊತ್ತಿಗೆ, ಎದುರು ಕೂತವಳು ಬಿಡಿಸಿದ ಪೇಪರಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರದ ಸುತ್ತ ಒಂದು ಗ್ರಹ ಸಿಕ್ಕಿದೆಯಂತೆ. ಹೆಚ್ಚುಕಡಿಮೆ ನಮ್ಮ ಭೂಮಿಯಷ್ಟೇ ಇರಬಹುದಂತೆ. ನೀರು ನೀರಾಗಿಯೇ ಉಳಿಯಬಹುದಂತೆ. ಅಯ್ಯೋ ದೇವರೇ! ಇಷ್ಟೆಲ್ಲ ನಕ್ಷತ್ರಗಳಲ್ಲಿ ಪಕ್ಕದ ಮನೆಯದರಲ್ಲೇ ಜಾಗ ಇದೆ ಎಂದರೆ ಏನರ್ಥ!

“ಮಿಲ್ ಗಯಾ!”, ಸಿಕ್ಕಿತು ಎಂದು ಕೂಗಿಯೇ ಬಿಟ್ಟೆ.

“ಕ್ಯಾ ಮಿಲಾ? ಸೀಟ್?” ಎಂದಳು ಬೆನ್ನಿಗೆ ಒತ್ತಿಕೊಂಡು ನಿಂತವಳು.

“ನಹೀ, ಗ್ರಹ!”

“ಘರ್ ಮಿಲಾ? ಅರೇ ವಾಹ್! ಈಸ್ಟ್ ಯಾ ವೆಸ್ಟ್?”

ಡೊಂಬಿವಲಿಯಲ್ಲಿ ರೈಲು ಹಳಿಯ ಯಾವ ಬದಿಗೆ ಎಂಬುದೇ ಮನೆಯ ಮೊದಲ ವಿಚಾರ. ಗ್ರಹ ಎಂದದ್ದು ಅವಳಿಗೆ ಘರ್ ಎಂದು ಕೇಳಿಸಿತ್ತು. ತಿಳಿಸಿ ಹೇಳುವ ಮೊದಲೇ ಇನ್ನೊಬ್ಬಳು ಕೂತವಳ ಭುಜ ತಟ್ಟಿ, “ಕಿದರ್ ಉತರನೇ ಕಾ?” ಎಂದು ಕೇಳಿದಳು. ಎಲ್ಲಿ ಇಳಿಯುತ್ತೀ ಎಂದು ಕೇಳಿ, ಆ ಸೀಟು ತನ್ನದು ಎಂದು ಗಟ್ಟಿ ಮಾಡಿಕೊಳ್ಳುವುದು ಈ ಟ್ರೇನುಗಳ ಪದ್ಧತಿ. ದಿನಾ ಕೇಳುವ ಪ್ರಶ್ನೆ, ಆದರೆ ಆ ಹೊತ್ತು ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಆ ನಕ್ಷತ್ರದಿಂದ ಬೆಳಕೇ ಬರಲು ನಾಲ್ಕು ವರ್ಷದ ಮೇಲೆ ಬೇಕು. ಈಗಿನ ರಾಕೆಟ್ಟಿಗೆ ಹತ್ತಾರು ಸಾವಿರ ವರ್ಷ. ಇನ್ನೂ ಬೇಗ ಓಡುವಂಥದನ್ನು ಕಟ್ಟಿದರೂ ನೂರಾರು ವರ್ಷ ಎಂದೇ ಇಟ್ಟುಕೊಳ್ಳಿ. ಅಂದರೆ ಹತ್ತಿದವರು ಇಳಿಯುವುದಿಲ್ಲ. ಇಳಿಯುವವರು ಹತ್ತಿರುವುದಿಲ್ಲ. ಒಂದು ಊರಿಗೆ ಊರೇ ಹೊರಡಬೇಕು, ಮಕ್ಕಳು ದಾರಿಯಲ್ಲೇ ಹುಟ್ಟಬೇಕು, ಸೀಟು ಅಜ್ಜಿಯಿಂದ ಮೊಮ್ಮಗಳಿಗೆ ಹೋಗಬೇಕು. ಠಾಣೆಯಲ್ಲಿ ನನ್ನನ್ನು ಜನ ತಳ್ಳಿ ಇಳಿಸಿದರು, ಇಲ್ಲದಿದ್ದರೆ ಮುಂದೆ ಹೋಗಿಬಿಡುತ್ತಿದ್ದೆನೋ ಏನೋ.

ಇದನ್ನು ನಾಟಕ ಮಾಡಬೇಕು ಎಂದು ಕಚೇರಿ ಮುಟ್ಟುವ ಮೊದಲೇ ತೀರ್ಮಾನವಾಗಿತ್ತು. ಹೆಸರೂ ತಾನಾಗಿ ಬಂದು ಕೂತಿತು, ‘ಗ್ರಹಪ್ರವೇಶ’. ಎಷ್ಟು ವರ್ಷ ಬೇರೆಯವರನ್ನು ಆಡಿಕೊಂಡು ನಕ್ಕ ತಪ್ಪು! ಈಗ ಅದು ತಪ್ಪೇ ಅಲ್ಲ, ಮನುಷ್ಯರು ನಿಜವಾಗಿ ಒಂದು ಗ್ರಹವನ್ನು ಪ್ರವೇಶ ಮಾಡುವುದು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಮಧ್ಯಾಹ್ನ ಗಂಡ, ಮಗಳ ಎದುರು ಕೂತು ಕತೆ ಹೇಳಿದೆ. ಮೊದಲನೆಯ ಅಂಕ, ಊರಷ್ಟು ದೊಡ್ಡ ಆಕಾಶದ ಹಡಗು ಹತ್ತಿ ಭೂಮಿ ಬಿಡುವುದು. ಎರಡನೆಯದು, ಕೊನೆಯ ಅಂಕ, ಹೊಸ ಗ್ರಹದಲ್ಲಿ ಇಳಿಯುವುದು. ಆ ಗ್ರಹದ ಒಂದು ಮುಖ ಯಾವಾಗಲೂ ತನ್ನ ಸೂರ್ಯನ ಕಡೆಗೇ ಇರಬಹುದು ಎನ್ನುತ್ತಾರೆ. ಆ ಬದಿ ಸದಾ ಹಗಲು, ಈ ಬದಿ ಸದಾ ಕತ್ತಲೆ, ನಡುವಿನ ಪಟ್ಟಿಯಲ್ಲಿ ಮುಗಿಯದ ಸಂಜೆ. ಅಲ್ಲಿ ಊರು ಕಟ್ಟುತ್ತಾರೆ. ಕೆಂಪು ಆಕಾಶ, ಅಲ್ಲಾಡದೆ ನಿಂತ ದೊಡ್ಡ ಸೂರ್ಯ, ಮೊದಲು ಬಲಗಾಲಿಟ್ಟು ಇಳಿಯುವ ಒಬ್ಬಳು ಹೆಂಗಸು! ಹೇಳುತ್ತಾ ಹೇಳುತ್ತಾ ನನಗೇ ರೋಮಾಂಚನವಾಯಿತು.

“ಹಡಗಿನಲ್ಲಿ ತಿಂಡಿಗೆ ಎಂತ ಮಾಡುತ್ತಾರೆ? ಅಕ್ಕಿ ಬೆಳೆಯುತ್ತದಾ?” ಎಂದು ಗಂಡ ಕೇಳಿದರು. ಅವರ ಚಿಂತೆ ಅವರಿಗೆ.

ಮಗಳು ಮೊಬೈಲಿನಿಂದ ತಲೆಯೆತ್ತಿದಳು. “ಮಮ್ಮಿ, ಬೀಚ್ ವಾಲೋಂ ಕಾ ಕ್ಯಾ? ಮಧ್ಯದವರು?”

“ಮಧ್ಯದವರೆಂದರೆ?”

“ಹತ್ತಿದವರಿಗೆ ಸೀನ್ ಇದೆ, ಇಳಿದವರಿಗೆ ಸೀನ್ ಇದೆ. ಬಾಕಿ ಲೋಗ್ ಟ್ರೇನ್ ಮೇ ಪೈದಾ ಹುಏ, ಟ್ರೇನ್ ಮೇ ಮರ್ ಗಯೇ. ಹಾಗೆ ದಾರಿಯಲ್ಲೇ ಹುಟ್ಟಿ ಸತ್ತವರು ಏನು ಮಾಡ್ತಾರೆ?”

ನನಗೆ ಸಿಟ್ಟು ಬಂತು. ಆದರೂ ಹುಡುಗಿ ಕೇಳಿದ್ದು ಸರಿ ಎಂದು ಮನಸ್ಸಿಗೆ ಗೊತ್ತಿತ್ತು. ಎರಡು ವಾರ ತಲೆ ಕೆರೆದುಕೊಂಡು ನಡುವೆ ಒಂದು ಅಂಕ ಸೇರಿಸಿದೆ. ಹಡಗಿನಲ್ಲೇ ಹುಟ್ಟಿದ ಒಬ್ಬ ಹುಡುಗಿ, ಅವಳಿಗೊಬ್ಬಳು ಅಜ್ಜಿ. ಹುಡುಗಿ ಕಾಣದ ಭೂಮಿಯನ್ನು ನೆನೆದು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆ ಪಾತ್ರ ಮಗಳಿಗೇ ಎಂದು ಬರೆದದ್ದು. ಅವಳು ಓದಿದವಳೇ ಕಾಗದ ಮೇಜಿನ ಮೇಲೆ ಇಟ್ಟಳು.

“ಯೇ ರೋತೀ ಕ್ಯೂಂ ಹೈ? ಅಳೋಕೆ ಅವಳು ಭೂಮಿ ನೋಡೇ ಇಲ್ಲ.”

“ನೋಡದಿದ್ದರೆ ಏನಾಯಿತು? ಊರು ಅಂದರೆ ಅಳು ಬರಬೇಕು!”

“ನನಗೆ ಬರಲ್ಲ ಯಾರ್,” ಎಂದಳು, ತುಂಬ ಸಮಾಧಾನದಲ್ಲಿ.

ಮೂರು ದಿನ ಮಾತು ಬಿಟ್ಟೆವು. ಕೊನೆಗೆ ಗಂಡ ನಡುವೆ ಬಂದು ರಾಜಿ ಮಾಡಿಸಿದರು. ಅಳು ತೆಗೆದೆ. ಹುಡುಗಿ, “ಅಜ್ಜಿ, ನಾನು ಎಲ್ಲಿ ಇಳಿಯುವುದು?” ಎಂದು ಕೇಳುತ್ತಾಳೆ. ಅಜ್ಜಿ, “ನೀನು ಇಳಿಯುವುದಿಲ್ಲ ಮಗಾ” ಎನ್ನುತ್ತಾಳೆ. ಅಷ್ಟೇ, ಪರದೆ. ಅಜ್ಜಿಯ ಪಾತ್ರ ನನ್ನದು.

ನಮ್ಮ ಕನ್ನಡ ಸಂಘದ ಅಧ್ಯಕ್ಷರು ಧಾರವಾಡದ ಕಡೆಯವರು, ರಿಟೈರಾದ ಮಾಸ್ತರರು. ನಕ್ಷತ್ರದ ನಾಟಕ ಎಂದ ಕೂಡಲೇ ಕನ್ನಡಕ ತೆಗೆದು ಒರೆಸಿದರು. “ಭಾನುವಾರ ಮುಂಜಾನೆ ಸಾಲಿ ಹಾಲ್ ಕೊಡಸ್ತೀನ್ರಿ. ಆದ್ರ ಬಾಯಾರ, ಹೋದ ಸಲ ನಾಟಕಕ್ಕ ಕುರ್ಚಿನೇ ಹೆಚ್ಚಿದ್ದೂ. ಈ ಸಲ ಮಂದಿ ಬರಲಿಲ್ಲಂದ್ರ ಮುಂದಿನ ವರ್ಷದಿಂದ ಆರ್ಕೆಸ್ಟ್ರಾ ನೋಡ್ರಿ.”

“ಕುರ್ಚಿ ಸಾಲದೆ ಹೋದರೆ ನಿಮ್ಮನ್ನು ನಿಲ್ಲಿಸುತ್ತೇನೆ,” ಎಂದು ಹೇಳಿ ಬಂದೆ.

ಜಂಬದಿಂದ ಹೇಳಿದೆನೇ ಹೊರತು, ಮನೆಗೆ ಬಂದದ್ದೇ ಜನ ಸೇರಿಸುವ ದಾರಿ ಹುಡುಕತೊಡಗಿದೆ. ಮೊಬೈಲಿನಲ್ಲಿ ನಮ್ಮವರ ಗ್ರೂಪುಗಳು ಆಗ ಹೊಸತು. ಕುತೂಹಲ ಇರಲಿ ಎಂದು ನಾಟಕ ಎಂಬ ಮಾತನ್ನು ಬೇಕೆಂದೇ ಬಿಟ್ಟು, ಇಷ್ಟೇ ಬರೆದು ಎಲ್ಲ ಗ್ರೂಪಿಗೂ ಹಾಕಿದೆ: “ಗ್ರಹಪ್ರವೇಶ! ಭಾನುವಾರ ಬೆಳಿಗ್ಗೆ, ಡೊಂಬಿವಲಿ ಈಸ್ಟ್, ಶಾಲೆಯ ಹಾಲ್. ಸಕುಟುಂಬ ಬನ್ನಿ.” ಕೂಡಲೇ ಕೈಮುಗಿದ ಚಿತ್ರಗಳೂ ಹೂವಿನ ಚಿತ್ರಗಳೂ ಬರತೊಡಗಿದವು. ಅಂಬರನಾಥದಿಂದ, ವಾಶಿಯಿಂದ, ಕಂಡು ವರ್ಷಗಳಾದವರಿಂದ. ಜನಕ್ಕೆ ವಿಜ್ಞಾನದಲ್ಲಿ ಇಷ್ಟು ಆಸಕ್ತಿ ಇದೆಯೆಂದು ಗೊತ್ತೇ ಇರಲಿಲ್ಲವಲ್ಲ ಎಂದು ನಾನು ಕುಣಿದಾಡಿದೆ.

ಭಾನುವಾರ ಬೆಳಿಗ್ಗೆ ಮುಖಕ್ಕೆ ಅಜ್ಜಿಯ ಬಣ್ಣ ಬಳಿದುಕೊಂಡು ಪರದೆಯ ಸಂದಿನಿಂದ ಇಣುಕಿದರೆ, ಹಾಲ್ ತುಂಬಿ ತುಳುಕುತ್ತಿತ್ತು! ಅಧ್ಯಕ್ಷರು ನಿಜವಾಗಿಯೂ ನಿಂತಿದ್ದರು. ಆದರೆ ಏನೋ ಸರಿಯಿಲ್ಲ. ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟಿದ್ದರು. ಎಲ್ಲರ ತೊಡೆಯ ಮೇಲೂ ಬಣ್ಣದ ಕಾಗದ ಸುತ್ತಿದ ಪೊಟ್ಟಣ. ಮೊದಲನೆಯ ಸಾಲಿನಲ್ಲಿ ವಿಠ್ಠಲವಾಡಿಯ ಅಜ್ಜಿ ಕೂತಿದ್ದರು. ನಾನು ಮದುವಣಗಿತ್ತಿಯಾಗಿ ಬಂದಾಗ ಪಕ್ಕದ ಕೋಣೆಯಲ್ಲಿದ್ದು, ನೀರು ಹಿಡಿಯುವುದರಿಂದ ಹಿಡಿದು ಮಗಳ ಬಾಣಂತನದವರೆಗೆ ಎಲ್ಲ ನೋಡಿಕೊಂಡವರು. ನನ್ನ ಮುಖ ಕಂಡದ್ದೇ ಅವರು ಅಲ್ಲಿಂದಲೇ ಕೂಗಿದರು.

“ಅಂತೂ ಮನೆ ಆಯ್ತಲ್ಲ ಮಾರಾಯ್ತಿ! ನನಗೆ ಕುಶಿಯಲ್ಲಿ ಎರಡು ದಿನದಿಂದ ನಿದ್ರೆ ಇಲ್ಲ!”

ಹಿಂದಿನಿಂದ ಯಾರೋ ಸೇರಿಸಿದರು. “ನಮ್ಮ ತಪ್ಪು ಹುಡುಕುತ್ತಿದ್ದವರು ತಾವೇ ತಪ್ಪು ಬರೆದದ್ದು ನೋಡಿ! ಯಾವ ಗ್ರಹಕ್ಕೆ ಪ್ರವೇಶ ಮಾರಾಯ್ರೆ?” ಹಾಲ್ ಹಾಲೇ ನಕ್ಕಿತು. ಫ್ಲ್ಯಾಟು ಚಿಕ್ಕದಿರಬೇಕು, ಅದಕ್ಕೆ ಊಟ ಹಾಲ್‌ನಲ್ಲಿ ಇಟ್ಟಿದ್ದಾರೆ ಎಂದುಕೊಂಡು ಅಷ್ಟೂ ಜನ ಬೆಳಗಿನ ತಿಂಡಿ ಬಿಟ್ಟು ಬಂದಿದ್ದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೊದಲು ಬಂದದ್ದು ಸಿಟ್ಟು. ನಾನು, ಅಕ್ಷರ ತಪ್ಪು ಬರೆಯುವುದೇ! ಅದರ ಹಿಂದೆಯೇ ಬಂದದ್ದು ಎದೆ ಹಿಂಡುವ ನೋವು. ಇಷ್ಟು ಜನ ನನಗೊಂದು ಮನೆಯಾಯಿತೆಂದು ಸಂತೋಷಪಟ್ಟು ಬಂದಿದ್ದಾರೆ, ಮತ್ತು ನನಗೆ ಮನೆಯಿಲ್ಲ. ಅದನ್ನು ಮೈಕಿನಲ್ಲಿ ನಾನೇ ಹೇಳಬೇಕು. ಗಂಡ ಬದಿಯಿಂದ, “ನಾನು ಹೇಳಲಾ?” ಎಂದರು. ಬೇಡ ಎಂದು ಪರದೆ ಸರಿಸಿ ಹೊರಗೆ ಬಂದೆ.

“ಮನೆ ಆಗಲಿಲ್ಲ. ನಾವು ಬಾಡಿಗೆಗೇ ಇದ್ದೇವೆ. ಇದು ನಾಟಕ. ನಾನು ಬರೆದದ್ದು ಸರಿಯಾಗಿಯೇ ಉಂಟು, ಗ್ರಹ ಎಂದರೆ ಗ್ರಹವೇ, ಬೇರೆ ನಕ್ಷತ್ರದ್ದು.” ಅಷ್ಟಾದರೂ ಆ ಅಕ್ಷರದ ವಿಷಯ ಹೇಳದೆ ಬಿಡಲಿಲ್ಲ.

ಯಾರ ಕಣ್ಣನ್ನೂ ನೋಡಲು ಧೈರ್ಯವಾಗಲಿಲ್ಲ. ಆಗ ವಿಠ್ಠಲವಾಡಿಯ ಅಜ್ಜಿ ಕೇಳಿದರು, “ಅಲ್ಲಿಗೂ ಹನ್ನೊಂದು ತಿಂಗಳ ಅಗ್ರಿಮೆಂಟಾ?”

ನಗು ಸಿಡಿಯಿತು. ಆಮೇಲೆ ಬಂತು ನೋಡಿ ಪ್ರಶ್ನೆಗಳ ಮಳೆ! ಗೃಹಪ್ರವೇಶಕ್ಕೆ ಬಂದ ಜನ, ಅದೇ ಧಾಟಿಯಲ್ಲಿ ನನ್ನ ಗ್ರಹವನ್ನು ತಟ್ಟಿ ನೋಡತೊಡಗಿದರು. ನೀರು ಎಷ್ಟು ಗಂಟೆಗೆ ಬರುತ್ತದೆ? ಸ್ಟೇಷನ್ನಿನಿಂದ ದೂರವಾ? ಈಸ್ಟಾ, ವೆಸ್ಟಾ? ಅಲ್ಲಿ ಸೂರ್ಯ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ, ಹಾಗಾಗಿ ಈಸ್ಟೂ ಇಲ್ಲ ವೆಸ್ಟೂ ಇಲ್ಲ ಎಂದೆ. “ಹಂಗಾದ್ರ ಬಾಗಲಾ ಯಾವ ದಿಕ್ಕಿಗ್ರೀ?” ಎಂದು ಅಧ್ಯಕ್ಷರೇ ಎದ್ದರು. ಸೂರ್ಯ ನಿಂತೇ ಇದ್ದರೆ ಮುಹೂರ್ತ ತೆಗೆಯುವುದು ಹೇಗೆ ಎಂದು ಒಬ್ಬರು, ಸದಾ ಸಂಜೆಯಾದರೆ ಹಗಲಿಡೀ ದೀಪ ಹಚ್ಚಿಡಬೇಕಲ್ಲ ಎಂದು ಇನ್ನೊಬ್ಬರು. ದಾರಿಯಲ್ಲಿ ಹಾಲು ಉಕ್ಕುತ್ತದಾ? ಹಡಗು ಗಿರಗಿರ ತಿರುಗುತ್ತಿದ್ದರೆ ಭಾರ ಇರುತ್ತದೆ, ಉಕ್ಕುತ್ತದೆ ಎಂದೆ. ನನ್ನ ನೋವೆಲ್ಲ ಎಲ್ಲಿ ಹೋಯಿತೋ! ನಕ್ಷತ್ರದ ವಿಷಯ ಇಷ್ಟು ಜನ ನನ್ನ ಬಾಯಿಂದ ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಗಂಡ ಹೋಟೆಲಿಗೆ ಫೋನು ಮಾಡಿ ಇಡ್ಲಿ ವಡೆ ತರಿಸಲು ವ್ಯವಸ್ಥೆ ಮಾಡಿದ್ದರು, ಹಾಗಾಗಿ ಯಾರೂ ಏಳಲಿಲ್ಲ.

ಮೊದಲ ಅಂಕ ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಮಗಳು ಬಂದಳು. ಬೆಳ್ಳಿ ಬಣ್ಣದ ಕಾಗದ ಅಂಟಿಸಿದ ಹಡಗಿನ ಗೋಡೆಗೆ ಒರಗಿ, ತನ್ನ ಡೊಂಬಿವಲಿ ಕನ್ನಡದಲ್ಲಿ ಕೇಳಿದಳು, “ಅಜ್ಜಿ, ನಾನು ಎಲ್ಲಿ ಇಳಿಯುವುದು?”

“ನೀನು ಇಳಿಯುವುದಿಲ್ಲ ಮಗಾ.”

ತಾಲೀಮಿನಲ್ಲಿ ನೂರು ಸಲ ಹೇಳಿದ ಮಾತು. ಅಷ್ಟು ಜನರ ಎದುರು ಹೇಳಿದಾಗ ಮಾತ್ರ ಅದು ಎಂಥ ಕ್ರೂರ ಮಾತೆಂದು ಗೊತ್ತಾಯಿತು. ಪರದೆ ಎಳೆಯಬೇಕಾದವರು ಎಳೆಯಲು ಮರೆತರು.

ಆಗ ಮೊದಲ ಸಾಲಿನಿಂದ ಕುರ್ಚಿ ಸದ್ದಾಯಿತು. ವಿಠ್ಠಲವಾಡಿಯ ಅಜ್ಜಿ ಮಂಡಿ ಹಿಡಿದುಕೊಂಡು ರಂಗದ ಮೆಟ್ಟಿಲು ಹತ್ತುತ್ತಿದ್ದರು. “ಎಂತ ಬರೆದದ್ದು ನೀನು?” ಎಂದು ನನಗೆ ಗದರಿದರು. “ಅದು ಹುಟ್ಟಿದ್ದೂ ಅಲ್ಲೇ, ಸಾಯುವುದೂ ಅಲ್ಲೇ. ಮತ್ತೆ ಅದರ ಮನೆ ಅದಲ್ಲದೆ ಬೇರೆ ಎಂತದು? ಯಾರೋ ಮುಂದೆ ಇಳಿಯುವವರಿಗೆ ಗೃಹಪ್ರವೇಶ ಮಾಡುತ್ತಿ, ಈ ಹುಡುಗಿಗೆ ಯಾಕೆ ಇಲ್ಲ?” ಕಂಕುಳಲ್ಲಿ ಇಟ್ಟುಕೊಂಡಿದ್ದ ಪೊಟ್ಟಣದ ಕಾಗದ ಹರಿದರು. ಒಳಗೆ ಒಂದು ಗೋಡೆ ಗಡಿಯಾರ. ಅದನ್ನು ನನ್ನ ಮಗಳ ಕೈಯಲ್ಲಿಟ್ಟು, “ಇಕೋ ಮಗಾ, ನಿನ್ನ ಮನೆಗೆ” ಎಂದರು.

ಮಗಳು ನನ್ನನ್ನು ನೋಡಿದಳು. ಸ್ಕ್ರಿಪ್ಟಿನಲ್ಲಿ ಇದಿಲ್ಲ. ಆಮೇಲೆ ಬಗ್ಗಿ ವಿಠ್ಠಲವಾಡಿಯ ಅಜ್ಜಿಯ ಕಾಲು ಮುಟ್ಟಿದಳು. ಅದೇ ನೋಡಿ, ಕಟ್ಟೆ ಒಡೆದ ಹಾಗಾಯಿತು. ಇಡೀ ಹಾಲ್ ಪೊಟ್ಟಣ ಹಿಡಿದು ಸಾಲಾಗಿ ಹಡಗಿನೊಳಗೆ ನುಗ್ಗಿತು. ಸ್ಟೀಲ್ ಡಬ್ಬಿ, ಬೆಡ್‌ಶೀಟು, ಲೋಟದ ಸೆಟ್ಟು. ಕೊಟ್ಟವರೆಲ್ಲ ಬೆಳ್ಳಿ ಕಾಗದದ ಗೋಡೆ ಮುಟ್ಟಿ, “ಗಾಳಿ ಬೆಳಕು ಚೆನ್ನಾಗುಂಟು” ಎಂದು ಗಂಭೀರವಾಗಿ ಹೇಳಿ ಇಳಿದರು. ನಾನು ಅಜ್ಜಿಯ ಬಣ್ಣವೆಲ್ಲ ಕರಗುವ ಹಾಗೆ ಅತ್ತೆ, ನಕ್ಕೆ. ಕೊನೆಯ ಅಂಕ ನಡೆಯಲೇ ಇಲ್ಲ! ಕೆಂಪು ದೀಪ, ನಿಂತ ಸೂರ್ಯ, ಬಲಗಾಲು, ನನ್ನ ಜೀವಮಾನದ ದೃಶ್ಯ! “ಇಳಿಯೂದು ಯಾಕ್ರೀ ಬಾಯಾರ, ಇಲ್ಲೇ ಛಲೋ ಐತಿ. ಇಡ್ಲಿ ಬಂದಾವು,” ಎಂದು ಅಧ್ಯಕ್ಷರು ತಾವೇ ಪರದೆ ಎಳೆದರು. ಅವರ ಮೇಲಿನ ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪೊಟ್ಟಣ ವಾಪಸು ತೆಗೆದುಕೊಳ್ಳಿ ಎಂದರೆ ಒಬ್ಬರೂ ಕೇಳಲಿಲ್ಲ. ಸಂಜೆ ಆಟೋದಲ್ಲಿ ಎಲ್ಲ ತುಂಬಿಕೊಂಡು ಬಾಡಿಗೆ ಮನೆಗೆ ಬಂದೆವು. ನಮ್ಮ ಪ್ರತಿ ಅಗ್ರಿಮೆಂಟಿನಲ್ಲೂ ಒಂದು ಶರತ್ತು ಇರುತ್ತಿತ್ತು, ಗೋಡೆಗೆ ಮೊಳೆ ಹೊಡೆಯಬಾರದು. ಕ್ಯಾಲೆಂಡರು ಕಿಟಕಿಯ ಸರಳಿಗೆ, ದೇವರ ಪಟ ಕಪಾಟಿನ ಮೇಲೆ, ಮಗಳ ಮೆಡಲು ಟ್ರಂಕಿನಲ್ಲಿ. ಹದಿನೇಳು ವರ್ಷದಲ್ಲಿ ನಾವು ಯಾವ ಗೋಡೆಗೂ ಒಂದು ಮೊಳೆ ಹೊಡೆದವರಲ್ಲ. ಗಂಡ ಗಡಿಯಾರ ಹಿಡಿದುಕೊಂಡು ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಂತರು. ಯಾರ ಜೊತೆಗೂ ಜಗಳವಾಡಿದವರಲ್ಲ ಅವರು, ಗಿರಾಕಿ ಚಟ್ನಿ ಸರಿಯಿಲ್ಲ ಎಂದರೂ ಕೈಮುಗಿಯುವವರು. ಒಳಗೆ ಹೋಗಿ ಅರೆಯುವ ಗುಂಡುಕಲ್ಲನ್ನೂ ನಾಟಕದ ಹಡಗು ಕಟ್ಟಿ ಉಳಿದ ಒಂದು ಮೊಳೆಯನ್ನೂ ತಂದರು, ಕುರ್ಚಿ ಹತ್ತಿದರು, ಹೊಡೆದೇ ಹೊಡೆದರು. ಸುಣ್ಣ ಉದುರಿತು.

ಕೆಳಗಿನ ಮನೆಯಲ್ಲೇ ಇದ್ದ ಮಾಲೀಕರ ಹೆಂಡತಿ ಮೆಟ್ಟಿಲ ಬುಡದಿಂದ ಕೂಗಿದರು, “ಕಾಯ್ ಚಾಲಲಂಯ್ ವರತೀ?” ಮೇಲೆ ಏನು ನಡೆದಿದೆ ಎಂದು. ಗಂಡನ ಕೈ ನಿಂತಿತು. ಮಗಳು ಬಾಗಿಲಿಗೆ ಹೋಗಿ, ಮೆಟ್ಟಿಲ ಕಂಬಿಯ ಮೇಲೆ ಬಗ್ಗಿ, ಮರಾಠಿಯಲ್ಲೇ ಉತ್ತರ ಕೊಟ್ಟಳು.

“ಘಡ್ಯಾಳ ಲಾವತೋಯ್ ಕಾಕೂ! ಆಮ್ಹೀ ರಾಹತೋ ನಾ ಇಥೇ!”

ಗಡಿಯಾರ ಹಾಕುತ್ತಿದ್ದೇವೆ, ನಾವು ಇಲ್ಲಿ ವಾಸವಾಗಿದ್ದೇವಲ್ಲ! ಎಷ್ಟು ಸಲೀಸಾಗಿ ಹೇಳಿದಳು ಅಂತೀರಿ. ಇಷ್ಟು ಮನೆ ಬದಲಿಸಿದ ನಾನು ಆ ಮಾತನ್ನು ಒಂದು ದಿನವೂ ಯಾರಿಗೂ ಹೇಳಿರಲಿಲ್ಲ. ಕೆಳಗೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಗಂಡ ಕುರ್ಚಿಯ ಮೇಲಿಂದ ನನ್ನ ಮುಖ ನೋಡಿದರು, ಸಾಕಾ ಎನ್ನುವ ಹಾಗೆ.

“ಇನ್ನೊಂದು ಮೊಳೆ ಉಂಟಾ?” ಎಂದು ಕೇಳಿದೆ.